ಆ್ಯಪ್ ಕಲಿಯುವವರು ಸರ್ವರ್‌ನಿಂದ ಆರಂಭಿಸಲಿ

ಪುಣೆಯ ಸ್ವಾರಗೇಟ್‌ನಿಂದ ಹುಬ್ಬಳ್ಳಿಗೆ ಹೊರಡುವ ರಾತ್ರಿ ಬಸ್ಸಿನಲ್ಲಿ ಒಂದೇ ಸೀಟು ಉಳಿದಿದೆ ಎಂದಿಟ್ಟುಕೊಳ್ಳಿ. ಕೋಥ್ರೂಡ್‌ನಲ್ಲಿ ಒಬ್ಬರು, ಪಿಂಪ್ರಿಯಲ್ಲಿ ಇನ್ನೊಬ್ಬರು ಏಕಕಾಲಕ್ಕೆ ಆ ಸೀಟಿನ ಮೇಲೆ ಬೆರಳಿಡುತ್ತಾರೆ. ಇಬ್ಬರ ಫೋನಿನಲ್ಲೂ ಸೀಟು ಖಾಲಿ ಎಂದೇ ಕಾಣುತ್ತಿದೆ. ಯಾರಿಗೆ ಸೀಟು ಎಂಬುದು ತೀರ್ಮಾನವಾಗುವುದು ಫೋನಿನಲ್ಲಲ್ಲ, ಎಲ್ಲೋ ದೂರದಲ್ಲಿರುವ ಸರ್ವರ್‌ನಲ್ಲಿ. ಅಲ್ಲಿನ ಪ್ರೋಗ್ರಾಂ ಸೀಟು ಖಾಲಿ ಇದೆಯೇ ಎಂದು ಮೊದಲು ನೋಡುತ್ತದೆ, ಆಮೇಲೆ ಭರ್ತಿ ಎಂದು ಬರೆಯುತ್ತದೆ. ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ಎರಡನೆಯ ಕೋರಿಕೆ ನುಸುಳಿದರೆ ಇಬ್ಬರಿಗೂ ಟಿಕೆಟ್ ಸಿಗುತ್ತದೆ, ಜಗಳ ಬಿಡಿಸುವ ಪಾಡು ಕಂಡಕ್ಟರ್‌ಗೆ ಬರುತ್ತದೆ. ಅದಕ್ಕೇ ಡೇಟಾಬೇಸಿನಲ್ಲಿ ಆ ಸೀಟಿನ ಸಾಲಿಗೆ ಬೀಗ ಹಾಕಿ, ಒಬ್ಬರ ಕೆಲಸ ಪೂರ್ತಿ ಮುಗಿದ ಮೇಲೆ ಇನ್ನೊಬ್ಬರನ್ನು ಒಳಬಿಡಬೇಕು. ಇನ್ನು, ಖಂಬಾಟ್ಕಿ ಘಾಟಿನಲ್ಲಿ ನೆಟ್‌ವರ್ಕ್ ಕೈಕೊಟ್ಟಿತೆನ್ನಿ. ಹಣ ಕಡಿತವಾಗಿದೆ, ಉತ್ತರ ಮಾತ್ರ ಫೋನಿಗೆ ತಲುಪಿಲ್ಲ. ಪ್ರಯಾಣಿಕರು ಸಹಜವಾಗಿಯೇ ಮತ್ತೊಮ್ಮೆ ಒತ್ತುತ್ತಾರೆ. ಇದು ಹೊಸ ಕೋರಿಕೆಯಲ್ಲ, ಹಳೆಯದೇ ಮರಳಿ ಬಂದದ್ದು ಎಂದು ಗುರುತಿಸಲು ಪ್ರತಿ ಕೋರಿಕೆಗೂ ಒಂದು ವಿಶಿಷ್ಟ ಸಂಖ್ಯೆ ಇರಬೇಕು, ಅದನ್ನು ಸರ್ವರ್ ನೆನಪಿಟ್ಟುಕೊಂಡಿರಬೇಕು.

ಮೊಬೈಲ್ ಆ್ಯಪ್ ಮಾಡಲು ಕಲಿಯುವ ಹುಡುಗ ಹುಡುಗಿಯರು ಈ ಭಾಗವನ್ನೇ ಕೊನೆಗೆ ತಳ್ಳುತ್ತಾರೆ. ಪರದೆ, ಬಣ್ಣ, ಬಟನ್ನು ಕಣ್ಣಿಗೆ ಕಾಣುತ್ತವೆ. ಒಂದು ದಿನದ ಕೆಲಸವನ್ನು ಮನೆಯವರಿಗೆ ತೋರಿಸಬಹುದು. ಸರ್ವರ್‌ನದು ಹಾಗಲ್ಲ. ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿ ಕಡೆಯಿಂದ ಕೆಲಸ ಅರಸಿ ಪುಣೆಗೆ ಬರುವ ಕನ್ನಡದ ಮಕ್ಕಳಿಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ಕಲಿಕೆ ಸರ್ವರ್ ಬದಿಯಿಂದ ಆರಂಭವಾಗಲಿ, ಒಂದೇ ಫ್ರೇಮ್‌ವರ್ಕ್ ಹಿಡಿಯಿರಿ, ಅದನ್ನು ಅದರ ಅಧಿಕೃತ ಕೈಪಿಡಿಯಿಂದಲೇ ಕಲಿಯಿರಿ, ಅದರ ಕೆಳಗೆ ಏನಿದೆ ಎಂಬುದನ್ನು ತಿಳಿಯದೆ ಮುಂದಕ್ಕೆ ಹೋಗಬೇಡಿ.

ಇದಕ್ಕೆ ಪುಣೆಯಷ್ಟು ಅನುಕೂಲವಾದ ಊರು ಕಡಿಮೆ. ಅಮೆರಿಕ ಸೂಪರ್ ಕಂಪ್ಯೂಟರ್ ಕೊಡಲು ಹಿಂದೇಟು ಹಾಕಿದ ಹಿನ್ನೆಲೆಯಲ್ಲಿ 1988ರಲ್ಲಿ ಇಲ್ಲಿ ಹುಟ್ಟಿದ ಸಿ-ಡ್ಯಾಕ್, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರ ಹೊತ್ತಿಗೆ ಪರಮ್ 8000 ಕಟ್ಟಿ ನಿಲ್ಲಿಸಿತು. ಅದೇ ಸಂಸ್ಥೆ ನಡೆಸುವ ಸುಮಾರು ಆರು ತಿಂಗಳ ಡ್ಯಾಕ್ ಡಿಪ್ಲೊಮಾದ ಪಾಠಕ್ರಮವನ್ನು ಗಮನಿಸಿ. ಪ್ರೋಗ್ರಾಮಿಂಗ್, ದತ್ತಾಂಶ ರಚನೆ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್ ಇವೆಲ್ಲಕ್ಕೂ ಅಲ್ಲಿ ತಮ್ಮದೇ ಪಾಲಿದೆ. ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್ ಬರುವುದು ಇವುಗಳ ಬುನಾದಿಯ ಮೇಲೆ. ಫ್ರೇಮ್‌ವರ್ಕ್ ಹೆಸರನ್ನೇ ಬೋರ್ಡಿಗೆ ಬರೆದು ಕೆಲವೇ ವಾರಗಳಲ್ಲಿ ಪರಿಣತಿಯ ಭರವಸೆ ಕೊಡುವ ತರಬೇತಿ ಕೇಂದ್ರಗಳಿಗೂ ಇದಕ್ಕೂ ಇರುವ ಅಂತರ ಇಲ್ಲೇ. ತರಗತಿಯ ಆಚೆಗೂ ಈ ಊರಿನಲ್ಲಿ ಕಲಿಕೆಗೆ ಜಾಗವಿದೆ. ಪೈಥಾನ್‌ನವರ ಪೈಕಾನ್ ಇಂಡಿಯಾ 2011ರಲ್ಲಿ, ರೂಬಿಯವರ ರೂಬಿಕಾನ್ಫ್ 2012ರಲ್ಲಿ, ಗೋ ಭಾಷೆಯವರ ಗೋಫರ್‌ಕಾನ್ 2017ರಲ್ಲಿ ಪುಣೆಯಲ್ಲಿ ನಡೆದವು. ಮೂರೂ ಸರ್ವರ್ ಬದಿಯಲ್ಲಿ ಹೆಚ್ಚು ದುಡಿಯುವ ಭಾಷೆಗಳು ಎಂಬುದು ಗಮನಾರ್ಹ.

ಫ್ರೇಮ್‌ವರ್ಕ್ ಎಂದರೆ ಬೆದರಬೇಕಾದ ಸಂಗತಿಯಲ್ಲ. ಬಂದವರು ಯಾರೆಂದು ಗುರುತಿಸುವುದು, ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದು, ಡೇಟಾಬೇಸಿನಿಂದ ತೆಗೆದು ಉತ್ತರ ಕಳಿಸುವುದು – ಬ್ಯಾಂಕಿನ ಆ್ಯಪ್ ಆಗಲಿ, ಹಾಲಿನ ಡೈರಿಯದ್ದಾಗಲಿ, ಎಲ್ಲ ಸರ್ವರ್‌ಗಳಿಗೂ ಇದೇ ದಿನಚರಿ. ಆ ಸಾಮಾನ್ಯ ಕೆಲಸಗಳನ್ನು ಮೊದಲೇ ಬರೆದಿಟ್ಟು, ಉಳಿದದ್ದನ್ನು ಎಲ್ಲಿ ಹೇಗೆ ಬರೆಯಬೇಕೆಂಬ ಶಿಸ್ತನ್ನು ಕೊಡುವುದೇ ಫ್ರೇಮ್‌ವರ್ಕ್. ಪೈಥಾನ್‌ಗೆ ಜಾಂಗೊ, ರೂಬಿಗೆ ರೈಲ್ಸ್, ಪಿಎಚ್‌ಪಿಗೆ ಲಾರಾವೆಲ್, ಜಾವಾಕ್ಕೆ ಸ್ಪ್ರಿಂಗ್, ನೋಡ್‌ಗೆ ಎಕ್ಸ್‌ಪ್ರೆಸ್. ಇವುಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆಗೆ ಕಲಿಯುವವರು ಕೊಡುವ ಹೊತ್ತು ವ್ಯರ್ಥವೆಂದೇ ನನ್ನ ಅಭಿಪ್ರಾಯ. ರೈಲ್ಸ್ ಬಂದದ್ದು 2004ರಲ್ಲಿ, ನೋಡ್ 2009ರಲ್ಲಿ, ಲಾರಾವೆಲ್ 2011ರಲ್ಲಿ; ಪ್ರತಿಯೊಂದೂ ಬಂದಾಗ ಹಿಂದಿನದರ ಕಾಲ ಮುಗಿಯಿತೆಂದು ಹೇಳಿದವರಿದ್ದರು. ಯಾವುದೂ ಮುಗಿಯಲಿಲ್ಲ. ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಸಂಬಂಧಾತ್ಮಕ ಡೇಟಾಬೇಸಿನ ಪರಿಕಲ್ಪನೆ ಇವೆಲ್ಲವುಗಳ ಅಡಿಯಲ್ಲಿ ಇಂದಿಗೂ ದುಡಿಯುತ್ತಿದೆ. 404 ಎಂದರೆ ಕೇಳಿದ್ದು ಸಿಗಲಿಲ್ಲ, 401 ಎಂದರೆ ನೀವು ಯಾರೆಂದು ದೃಢಪಡಿಸಿ ಎಂಬ ಎಚ್‌ಟಿಟಿಪಿ ಸಂಕೇತಗಳೂ ಎಲ್ಲದರಲ್ಲೂ ಅವೇ. ಇವನ್ನು ಬಲ್ಲವರು ಒಂದು ಫ್ರೇಮ್‌ವರ್ಕ್‌ನಿಂದ ಇನ್ನೊಂದಕ್ಕೆ ಹೆಚ್ಚು ಕಷ್ಟವಿಲ್ಲದೆ ದಾಟುತ್ತಾರೆ.

ಅಧಿಕೃತ ಕೈಪಿಡಿಯ ಮೇಲೆ ಇಷ್ಟು ಒತ್ತು ಏಕೆಂದರೆ, ಜಾಂಗೊದ ಉದಾಹರಣೆ ನೋಡಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆಯೊಂದರ ಕಚೇರಿಯಲ್ಲಿ, ಸುದ್ದಿಮನೆಯ ಗಡುವಿನ ಒತ್ತಡದ ನಡುವೆ ರೂಪುಗೊಂಡು 2005ರಲ್ಲಿ ಎಲ್ಲರಿಗೂ ಮುಕ್ತವಾದ ಫ್ರೇಮ್‌ವರ್ಕ್ ಇದು. ಇದರ ಆರಂಭಿಕ ಪಾಠದಲ್ಲಿ ಒಂದು ಚಿಕ್ಕ ಜನಮತ ಆ್ಯಪ್ ಕಟ್ಟಿಸುತ್ತಾರೆ: ಒಂದು ಪ್ರಶ್ನೆ, ಕೆಲವು ಆಯ್ಕೆಗಳು, ಮತ ಎಣಿಕೆ. ನಾಲ್ಕನೆಯ ಭಾಗದಲ್ಲಿ ಮತ ಸೇರಿಸುವ ಹಂತ ಬಂದಾಗ, ಈಗಿನ ಸಂಖ್ಯೆಯನ್ನು ಓದಿಕೊಂಡು ಒಂದು ಕೂಡಿಸಿ ಮರಳಿ ಬರೆಯುವ ದಾರಿಯನ್ನು ಕೈಪಿಡಿ ಹಿಡಿಯುವುದಿಲ್ಲ. ಇರುವುದಕ್ಕೆ ಒಂದು ಕೂಡಿಸು ಎಂದು ಡೇಟಾಬೇಸಿಗೇ ಹೇಳಿಸುತ್ತದೆ. ಇಬ್ಬರು ಒಟ್ಟಿಗೆ ಮತ ಹಾಕಿದಾಗ ಒಂದು ಮತ ಕಳೆದುಹೋಗದಂತೆ ಮಾಡಿದ ಏರ್ಪಾಡು ಅದು. ಸ್ವಾರಗೇಟಿನ ಸೀಟಿನ ಸಮಸ್ಯೆಯ ಬೇರೂ ಇದೇ. ಅದೂ ಹೊಸಬರ ಪಾಠದಲ್ಲಿ, ಉಚಿತವಾಗಿ! ಬಿಡಿ ವಿಡಿಯೋಗಳಲ್ಲಿ ಇಂಥ ಜಾಗ ಬಂದಾಗ ಸಾಲನ್ನು ನಕಲು ಮಾಡಿ ಮುಂದಕ್ಕೋಡುವುದೇ ಹೆಚ್ಚು, ಏಕೆ ಎಂಬ ಪ್ರಶ್ನೆಗೆ ಅಲ್ಲಿ ಸಮಯವಿರುವುದಿಲ್ಲ.

ಇಷ್ಟೆಲ್ಲ ಏಕೆ, ಫೈರ್‌ಬೇಸ್ ಇದೆಯಲ್ಲ ಎನ್ನುವವರಿದ್ದಾರೆ. ಲಾಗಿನ್, ಡೇಟಾಬೇಸ್, ನೋಟಿಫಿಕೇಶನ್ ಎಲ್ಲವನ್ನೂ ಗೂಗಲ್ ಕೊಡುತ್ತಿರುವಾಗ ಸ್ವಂತ ಸರ್ವರ್ ಅನಗತ್ಯ ಎಂಬ ವಾದದಲ್ಲಿ ಹುರುಳಿದೆ. ಸಣ್ಣ ಕೆಲಸಕ್ಕೆ, ಮೊದಲ ಮಾದರಿಗೆ ಅದು ಒಳ್ಳೆಯ ದಾರಿ. ಆದರೆ ಫೈರ್‌ಬೇಸ್‌ನಲ್ಲೂ ಯಾರು ಏನನ್ನು ಓದಬಹುದು, ಬರೆಯಬಹುದು ಎಂಬ ನಿಯಮಗಳನ್ನು ಕಟ್ಟುವುದು ನಮ್ಮದೇ ಹೊಣೆ. ಪರೀಕ್ಷಾ ವಿಧಾನದಲ್ಲಿ ಆರಂಭಿಸಿದ ಡೇಟಾಬೇಸ್ 30 ದಿನ ಯಾರಿಗೆ ಬೇಕಾದರೂ ತೆರೆದಿರುತ್ತದೆ. ಆಮೇಲೆ ಆ್ಯಪ್ ನಿಂತಿತೆಂದು ಗಾಬರಿಯಾಗಿ ಅದೇ ಸಡಿಲ ನಿಯಮವನ್ನು ಮುಂದುವರಿಸಿದರೆ ಬಳಕೆದಾರರ ಫೋನ್ ನಂಬರುಗಳು ಬೀದಿಗೆ ಬರುತ್ತವೆ. ಎರಡನೆಯ ಮಾತು ಪಾರ್ಸ್ ಎಂಬ ಸೇವೆಯದು. ಅದೂ ಇಂಥದ್ದೇ ಸಿದ್ಧ ಸೇವೆ. ಫೇಸ್‌ಬುಕ್ 2013ರಲ್ಲಿ ಅದನ್ನು ಕೊಂಡಿತು, 2016ರ ಜನವರಿಯಲ್ಲಿ ಮುಚ್ಚುವುದಾಗಿ ಘೋಷಿಸಿತು, ಮರುವರ್ಷದ ಜನವರಿಗೆ ಮುಚ್ಚಿತು. ಹೋಗುವಾಗ ಪಾರ್ಸ್ ಸರ್ವರ್ ಎಂಬ ಮುಕ್ತ ತಂತ್ರಾಂಶವನ್ನು ಬಿಟ್ಟುಹೋಯಿತು, ಅದು ನೋಡ್ ಮತ್ತು ಎಕ್ಸ್‌ಪ್ರೆಸ್ ಮೇಲೆ ನಡೆಯುವಂಥದ್ದು. ಸರ್ವರ್ ನಡೆಸಲು ಗೊತ್ತಿದ್ದವರಿಗೆ ಅದರಲ್ಲಿ ದಾರಿ ಸಿಕ್ಕಿತು, ಗೊತ್ತಿಲ್ಲದವರು ಬೇರೆಯವರ ನೆರವು ಹುಡುಕಬೇಕಾಯಿತು.

ಎಐ ಬರೆದುಕೊಡುವಾಗ ಕಲಿಯುವುದೇಕೆ ಎಂಬುದು ಈಗಿನ ಪ್ರಶ್ನೆ. ಎಐ ಕೊಟ್ಟ ಟಿಕೆಟ್ ಪ್ರೋಗ್ರಾಂನಲ್ಲಿ ಟಿಕೆಟ್ ದರವನ್ನು ಆ್ಯಪ್ ಕಳಿಸುತ್ತಿದೆ, ಸರ್ವರ್ ಅದನ್ನೇ ನಂಬುತ್ತಿದೆ ಎನ್ನಿ. ಆ್ಯಪ್ ಬಳಕೆದಾರರ ಕೈಯಲ್ಲಿರುವ ವಸ್ತು. ಅದನ್ನು ಬಿಚ್ಚಿ ನೋಡಬಹುದು, ಅದು ಕಳಿಸುವ ಕೋರಿಕೆಯನ್ನು ತಿದ್ದಿ ಸಾವಿರ ರೂಪಾಯಿಯ ಟಿಕೆಟನ್ನು ಒಂದು ರೂಪಾಯಿಗೆ ಪಡೆಯಬಹುದು. ದರವನ್ನು ಸರ್ವರ್ ತಾನೇ ಲೆಕ್ಕ ಹಾಕಬೇಕು ಎಂಬ ತಿಳಿವಳಿಕೆ ಇಲ್ಲದವರ ಕಣ್ಣಿಗೆ ಆ ತಪ್ಪು ಬೀಳುವುದೇ ಇಲ್ಲ, ಏಕೆಂದರೆ ಪರೀಕ್ಷೆ ಮಾಡಿ ನೋಡಿದಾಗ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಭಾಷೆಯದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಕೈಪಿಡಿ ಓದಿರಿ ಎನ್ನುವುದು ಸುಲಭ, ಓದುವುದು ಸುಲಭವಲ್ಲ. ವಿಡಿಯೋಗಳತ್ತ ಅವರು ಹೋಗುವುದಕ್ಕೆ ಇದೇ ಕಾರಣವೆಂದರೆ ಅವರನ್ನು ದೂರುವಂತಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಈ ಕೊರತೆಯನ್ನು ಸ್ವಲ್ಪ ತುಂಬಿದೆ. ಜಾವಾ, ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಬಗ್ಗೆ ಚಿಕ್ಕ ಚಿಕ್ಕ ಪಾಠಗಳು ಕನ್ನಡ ಧ್ವನಿಯಲ್ಲಿ ಅಲ್ಲಿವೆ, ನೋಡುತ್ತಲೇ ಪಕ್ಕದಲ್ಲಿ ಮಾಡಿ ಕಲಿಯುವಂತೆ ಹೆಣೆದಿವೆ. ಅಡಿಪಾಯಕ್ಕೆ ಅವು ಸಾಕು, ಫ್ರೇಮ್‌ವರ್ಕ್‌ಗೆ ಸಾಲವು. ಜಾಂಗೊ ಬಳಕೆದಾರರಿಗೆ ತೋರಿಸುವ ಸಿದ್ಧ ಸಂದೇಶಗಳು ಕನ್ನಡದಲ್ಲೂ ಬರುತ್ತವೆ, ಆದರೆ ಕಲಿಯುವವರಿಗೆ ಬೇಕಾದ ಅದರ ಕೈಪಿಡಿ ಫ್ರೆಂಚ್, ಜಪಾನಿ, ಕೊರಿಯನ್ ಭಾಷೆಗಳಲ್ಲಿ ಇದ್ದರೂ ಕನ್ನಡದಲ್ಲಿಲ್ಲ. ಅದನ್ನು ಅನುವಾದಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಸ್ವಯಂಸೇವಕರಿಗೆ ಬಾಗಿಲು ತೆರೆದೇ ಇದೆ. ಹಿಂಜೆವಾಡಿಯಲ್ಲಿ, ಖರಾಡಿಯಲ್ಲಿ ದುಡಿಯುವ ಕನ್ನಡಿಗ ಎಂಜಿನಿಯರುಗಳು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಕಾವೇರಿ ಹೆಸರಿನ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಪುಣೆ ಕನ್ನಡ ಸಂಘವೂ ಇದೆ. ಆ ಜನಮತ ಪಾಠವೊಂದನ್ನಾದರೂ ಮೊದಲು ಕನ್ನಡಕ್ಕೆ ತನ್ನಿ, ವಾರಕ್ಕೊಂದು ಸಂಜೆ ಕುಳಿತು ಹೊಸದಾಗಿ ಊರಿಗೆ ಬಂದವರ ಜೊತೆ ಅದನ್ನು ಕಟ್ಟಿ ತೋರಿಸಿ.