ಕುಡುಗೋಲು ರಕ್ತಕಣವೂ ಅದರ ಪರೀಕ್ಷೆಯೂ

ಗುಂಡ್ಲುಪೇಟೆಯಿಂದ ಬಂಡೀಪುರದ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವ ದಾರಿಯು ನಮ್ಮ ಸೀಮೆಯವರೆಲ್ಲರಿಗೂ ಪರಿಚಿತವಾದುದಷ್ಟೆ. ಆ ದಾರಿಯು ಏರುವ ನೀಲಗಿರಿಯಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು ಗಿರಿವಾಸಿಗಳ ರಕ್ತವನ್ನು ಪರೀಕ್ಷಿಸಿ, ಆಫ್ರಿಕದ ಮೂಲದವರಲ್ಲಿ ವಿಶೇಷವಾಗಿ ಕಂಡುಬಂದಿದ್ದ ಒಂದು ರಕ್ತದೋಷವು ಇಲ್ಲಿಯೂ ಇದೆಯೆಂದು 1952ರಲ್ಲಿ ಪ್ರಕಟಿಸಿದರು. ಇದೇ ಕುಡುಗೋಲು ರಕ್ತಕಣದ ದೋಷ. ಬೆಟ್ಟದ ಈಚೆಗೆ, ಎಂದರೆ ನಮ್ಮ ಕಾಡಂಚಿನ ಪೋಡುಗಳಲ್ಲಿಯೂ ಹಾಡಿಗಳಲ್ಲಿಯೂ ವಾಸಿಸುವ ಸೋಲಿಗರು, ಜೇನುಕುರುಬರು ಮೊದಲಾದವರಲ್ಲಿಯೂ ಅದು ಉಂಟೆಂಬುದು ಅನಂತರ ತಿಳಿದುಬಂದಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಈ ರೋಗದ ವಿಷಯದಲ್ಲಿ ಸೋಲಿಗರ ನಡುವೆ ಕೆಲಸಮಾಡುತ್ತ ಬಂದಿದೆ. 2023ನೆಯ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವಂತೂ, 40 ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಸಂಕಲ್ಪದಿಂದ ಹೊರಟಿತು.

ವೈದ್ಯನಲ್ಲದ ನಾನು ಈ ವಿಷಯವನ್ನು ಬರೆಯುವುದಕ್ಕೆ ಕಾರಣವುಂಟು. ಪರೀಕ್ಷೆಯ ಚೀಟಿಯು ಮನೆಗೆ ಬಂದಮೇಲೆ ಅದನ್ನು ಓದತಕ್ಕವರು ಗೃಹಸ್ಥರೇ. ತಪ್ಪಾಗಿ ಓದಿದರೆ ಒಂದು ಮದುವೆಯು ಮುರಿಯಬಹುದು. ಇಲ್ಲವೆ ಒಂದು ಮಗು ಚಿಕಿತ್ಸೆಯಿಲ್ಲದೆ ನರಳಬಹುದು.

ತ್ವಷ್ಟೃವಿನ ಯಾಗದಲ್ಲಿ ‘ಇಂದ್ರಶತ್ರು’ ಎಂಬ ಪದದ ಒಂದು ಸ್ವರವು ತಪ್ಪಿದುದರಿಂದ, ಇಂದ್ರನನ್ನು ಕೊಲ್ಲಬೇಕಾಗಿದ್ದ ವೃತ್ರನು ತಾನೇ ಹತನಾದನೆಂಬ ಕಥೆಯನ್ನು ಶಿಕ್ಷಾಶಾಸ್ತ್ರ ಓದಿದವರು ಬಲ್ಲರು. ಈ ರೋಗದ ಮೂಲವೂ ಅಂಥದೇ. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿನಲ್ಲಿ ಬೀಟಾ ಎಂಬ ಸರಪಳಿಯುಂಟು. ಅದರ ಕೊಂಡಿಗಳು 146. ಅವುಗಳಲ್ಲಿ ಆರನೆಯ ಕೊಂಡಿಯೊಂದು ಮಾತ್ರ ಬದಲಾಗಿ, ಗ್ಲುಟಾಮಿಕ್ ಆಮ್ಲದ ಸ್ಥಾನದಲ್ಲಿ ವ್ಯಾಲೀನ್ ಬಂದು ಕುಳಿತಿರುತ್ತದೆ. ಅಷ್ಟರಿಂದಲೇ, ಪ್ರಾಣವಾಯುವು ಕಡಿಮೆಯಾದಾಗ ಹಿಮೋಗ್ಲೋಬಿನ್ ಒಳಗೇ ಹೆಪ್ಪುಗಟ್ಟಿ, ದುಂಡಗಿರಬೇಕಾದ ಕಣವು ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು ಮೂಳೆಗಳಲ್ಲಿ ಸಹಿಸಲಾಗದ ನೋವನ್ನುಂಟುಮಾಡುವುವು. ಸಾಮಾನ್ಯ ಕಣವು ಸುಮಾರು 120 ದಿನ ಬದುಕಿದರೆ ಇದು 10-20 ದಿನಗಳಲ್ಲಿಯೇ ಸಾಯುವುದು. ಆದಕಾರಣ ರಕ್ತಹೀನತೆಯು ತಪ್ಪದು. ಇಂತಹ ಮಗುವನ್ನು ಸೋಮಾರಿಯೆಂದು ಬಯ್ಯುವ ಮನೆಗಳೂ ಉಂಟು.

ಹಾಡಿಗೆ ಬರುವ ಲ್ಯಾಬ್ ಟೆಕ್ನೀಷಿಯನ್ ಮೊದಲು ಮಾಡುವ ಪರೀಕ್ಷೆಯು ನೋಡುವುದಕ್ಕೆ ಬಹಳ ಸುಲಭ. ಗಾಜಿನ ನಳಿಕೆಯಲ್ಲಿರುವ ದ್ರಾವಣಕ್ಕೆ ಬೆರಳಿನಿಂದ ತೆಗೆದ ರಕ್ತವನ್ನು ಸ್ವಲ್ಪ ಬೆರೆಸುತ್ತಾನೆ. ಅದರಲ್ಲಿರುವ ಸಪೋನಿನ್ ಕಣಗಳನ್ನು ಒಡೆಯುತ್ತದೆ. ಡೈಥಯೊನೈಟ್ ಪ್ರಾಣವಾಯುವನ್ನು ಸೆಳೆದುಕೊಳ್ಳುತ್ತದೆ. ಕೆಲವು ನಿಮಿಷಗಳ ತರುವಾಯ ನಳಿಕೆಯ ಹಿಂದೆ ಗೆರೆ ಎಳೆದ ಕಾಗದವನ್ನು ಹಿಡಿದರೆ, ದೋಷವಿಲ್ಲದ ರಕ್ತದ ಮೂಲಕ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ದೋಷವಿದ್ದರೆ ದ್ರಾವಣವು ಕದಡಿ ಗೆರೆಗಳು ಮರೆಯಾಗುತ್ತವೆ. ಡೈಥಯೊನೈಟ್ ಗಾಳಿಯ ತೇವಕ್ಕೆ ಬೇಗ ಕೆಡುವ ಪದಾರ್ಥ. ಕೆಟ್ಟದ್ದನ್ನು ಬಳಸಿದರೆ ದೋಷವುಳ್ಳ ರಕ್ತವೂ ತಿಳಿಯಾಗಿಯೇ ಕಾಣುವುದು. ಆದಕಾರಣ ಬಲ್ಲ ಟೆಕ್ನೀಷಿಯನ್ನನು ದೋಷವುಂಟೆಂದು ಗೊತ್ತಿರುವ ರಕ್ತವನ್ನೂ ಇಲ್ಲವೆಂದು ಗೊತ್ತಿರುವ ರಕ್ತವನ್ನೂ ಮೊದಲು ಪರೀಕ್ಷಿಸಿ, ಆಮೇಲೆಯೇ ನಮ್ಮ ರಕ್ತವನ್ನು ಮುಟ್ಟುವನು.

ಆದರೆ ಈ ಪರೀಕ್ಷೆಗೆ ಒಂದು ಮಿತಿಯುಂಟು. ತಾಯಿತಂದೆಗಳಿಬ್ಬರಿಂದಲೂ ದೋಷವನ್ನು ಪಡೆದ ರೋಗಿಯ ರಕ್ತವೂ, ಒಬ್ಬರಿಂದ ಮಾತ್ರ ಪಡೆದ ವಾಹಕನ ರಕ್ತವೂ ಒಂದೇ ರೀತಿಯಾಗಿ ಕದಡುತ್ತವೆ. ವಾಹಕನು ಸಾಮಾನ್ಯವಾಗಿ ಆರೋಗ್ಯವಂತನೇ. ಕಠಿನವಾದ ಮಲೇರಿಯದಿಂದ ಅವನಿಗೆ ಸ್ವಲ್ಪ ರಕ್ಷಣೆಯೂ ಇದೆಯೆಂದು 1954ರಲ್ಲಿ ಆಲಿಸನ್ ತೋರಿಸಿದನು. ಇವರಿಬ್ಬರನ್ನು ಬೇರ್ಪಡಿಸಲು ಎರಡನೆಯ ಪರೀಕ್ಷೆಯು ಬೇಕು. ವಿದ್ಯುತ್ತಿನ ಸೆಳೆತದಲ್ಲಿ ಎರಡು ಬಗೆಯ ಹಿಮೋಗ್ಲೋಬಿನ್ನುಗಳು ಬೇರೆ ಬೇರೆ ವೇಗದಿಂದ ಚಲಿಸುತ್ತವೆಂಬುದನ್ನು ಪೌಲಿಂಗ್ ಮತ್ತು ಅವನ ಸಂಗಡಿಗರು 1949ರಲ್ಲಿಯೇ ಕಂಡಿದ್ದರು. ಎಚ್‌ಪಿಎಲ್‌ಸಿ ಎಂಬ ಯಂತ್ರವು ಪ್ರತಿಯೊಂದು ಬಗೆಯು ನೂರಕ್ಕೆ ಎಷ್ಟೆಂಬುದನ್ನೂ ಬರೆದುಕೊಡುತ್ತದೆ. ವಾಹಕನಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ನೇ ಹೆಚ್ಚು. ಇಬ್ಬರಿಂದಲೂ ದೋಷ ಪಡೆದ ರೋಗಿಯಲ್ಲಿ ಅದು ಇರುವುದೇ ಇಲ್ಲ. ಮೊದಲನೆಯ ಚೀಟಿಯೊಂದನ್ನೇ ನೋಡಿ ಹೆಣ್ಣನ್ನು ಬೇಡವೆನ್ನುವುದು ಅವಿವೇಕವೆಂದೇ ನನ್ನ ಅಭಿಪ್ರಾಯ.

ವಧೂವರರಿಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವವು ನಾಲ್ಕರಲ್ಲಿ ಒಂದು ಪಾಲು. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂದು ಎಣಿಸಬಾರದು. ಒಬ್ಬರು ಮಾತ್ರ ವಾಹಕರಾಗಿ, ಮತ್ತೊಬ್ಬರಲ್ಲಿ ಇದಾಗಲಿ ಥಲಸೀಮಿಯ ಮುಂತಾದ ದೋಷವಾಗಲಿ ಇಲ್ಲದಿದ್ದರೆ, ಮಕ್ಕಳಿಗೆ ರೋಗದ ಭಯವಿಲ್ಲ. ರೋಗವಿರುವ ಮಗುವನ್ನು ಬೇಗ ಗುರುತಿಸಿದರೆ ಲಸಿಕೆಗಳಿಂದಲೂ, ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವ ಹೈಡ್ರಾಕ್ಸಿಯೂರಿಯ ಮೊದಲಾದ ಔಷಧಗಳಿಂದಲೂ ಬಹಳ ಪ್ರಯೋಜನವಾಗುವುದು.

ಟೆಕ್ನೀಷಿಯನ್ನನಿಗೆ ನಾವು ತಿಳಿಸಬೇಕಾದುದೂ ಉಂಟು. ಹಿಂದಿನ ಮೂರು ನಾಲ್ಕು ತಿಂಗಳಲ್ಲಿ ಬೇರೊಬ್ಬರ ರಕ್ತವನ್ನು ಕೊಡಿಸಿದ್ದರೆ ಮರೆಯದೆ ಹೇಳಬೇಕು. ಆ ರಕ್ತವು ರೋಗಿಯನ್ನು ವಾಹಕನಂತೆ ತೋರಿಸಬಲ್ಲದು. ಆರು ತಿಂಗಳೊಳಗಿನ ಶಿಶುವಿನಲ್ಲಿ ಗರ್ಭಕಾಲದ ಹಿಮೋಗ್ಲೋಬಿನ್ ಇನ್ನೂ ಹೆಚ್ಚಾಗಿರುವುದರಿಂದ, ನಳಿಕೆಯು ತಿಳಿಯಾಗಿ ಕಂಡರೂ ನಂಬಿಕೊಳ್ಳುವಂತಿಲ್ಲ. ಇನ್ನು ಒಂದೇ ಪೋಡಿನಲ್ಲಿ ಮಾದಮ್ಮ ಎಂಬ ಹೆಸರಿನವರು ಮೂವರಿರುವುದು ಅಪೂರ್ವವೇನೂ ಅಲ್ಲವಾದ್ದರಿಂದ, ತಂದೆಯ ಹೆಸರನ್ನೂ ವಯಸ್ಸನ್ನೂ ಕೂಡ ಬರೆಯಿಸಿ, ನಳಿಕೆಗೆ ಚೀಟಿಯನ್ನು ನಮ್ಮ ಎದುರಿಗೇ ಅಂಟಿಸುವಂತೆ ಕೇಳಿಕೊಳ್ಳತಕ್ಕದ್ದು.