ಮಳೆ ನಕ್ಷತ್ರಗಳೂ ಒಂದು ಹಳೇ ಕಂಪ್ಯೂಟರೂ

ಆರಿದ್ರೆ

ಹಕ್ಕಿ ನೋಡುವವರು "ಅದು ಎಲ್ಲೆಂದರಲ್ಲಿ ಸಿಗುತ್ತದೆ" ಎಂಬ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಯಾವ ಮರ, ಎಷ್ಟು ಹೊತ್ತಿಗೆ, ಮಳೆ ಹನಿಯುತ್ತಿತ್ತೋ ಹೊಳವಾಗಿತ್ತೋ ಎಂದು ಕೇಳುತ್ತಾರೆ. ಕಂಪ್ಯೂಟರ್ ಯಾವಾಗೆಂದರೆ ಆವಾಗ ರೀಸ್ಟಾರ್ಟ್ ಆಗುತ್ತದೆ ಎನ್ನುವ ದೂರಿಗೂ ಇದೇ ಪ್ರಶ್ನೆ ಹಾಕಬೇಕು. ಹಾಗೆ ದೂರುವವರಲ್ಲಿ ಆ ಹೊತ್ತನ್ನು ಬರೆದಿಟ್ಟವರು ಕಡಿಮೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಮಳೆ ಹಿಡಿದುಕೊಂಡ ಮೇಲೆ ಜಗುಲಿ ಮೂಲೆಯ ಕಂಪ್ಯೂಟರ್ ತಾನಾಗಿ ಆರಿ ತಾನಾಗಿ ಏಳತೊಡಗಿತು. ಹಕ್ಕಿ ಪಟ್ಟಿಯ ಪುಸ್ತಕದ ಹಿಂದಿನ ಹಾಳೆಗಳಿಗೆ ಗೆರೆ ಹಾಕಿದೆ: ಹೊತ್ತು, ಮಳೆ-ಗಾಳಿ, ಯಂತ್ರದಲ್ಲಿ ಏನು ನಡೆಯುತ್ತಿತ್ತು, ಮನೆಯಲ್ಲಿ ಮತ್ತೇನು ಓಡುತ್ತಿತ್ತು, ಹೇಗೆ ಆರಿತು. ಕಾರಣ ಎನ್ನುವ ಕಾಲಂ ಕಟ್ಟಕಡೆಗೆ. ಅದನ್ನು ಖಾಲಿ ಬಿಟ್ಟೆ.

ಮೊದಲ ಸುಳಿವು ಸಿಕ್ಕಿದ್ದು "ಹೇಗೆ ಆರಿತು" ಎಂಬಲ್ಲಿ. ಹೊರಗಿನಿಂದ ಒಂದೇ ಎನ್ನಿಸುವ ಈ ಕಾಯಿಲೆಯಲ್ಲಿ ಜಾತಿ ಬೇರೆ ಬೇರೆ ಇವೆ. ಒಂದರಲ್ಲಿ ತೆರೆ ಒಮ್ಮೆಲೇ ಕಪ್ಪಾಗಿ, ಫ್ಯಾನಿನ ಸದ್ದು ಕುಗ್ಗಿ, ಮರುಕ್ಷಣ ಮೊದಲಿನಿಂದ ಶುರು. ಇನ್ನೊಂದರಲ್ಲಿ ನೀಲಿ ತೆರೆ ಬಂದು, ಏನೋ ಕೋಡು ಮಿಂಚಿ ಮಾಯವಾಗಿ, ಆಮೇಲೆ ರೀಸ್ಟಾರ್ಟ್. ಮೂರನೆಯದರಲ್ಲಿ ಆರಿದ ಯಂತ್ರ ತಾನಾಗಿ ಏಳುವುದೇ ಇಲ್ಲ. ಆಗಲೇ ಸ್ವಿಚ್ ಒತ್ತಿದರೆ ಎರಡು ನಿಮಿಷಕ್ಕೆ ಮತ್ತೆ ಆರುತ್ತದೆ. ಇದು ಬಿಸಿಯ ಗುರುತು. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ; ಅದಕ್ಕೂ ಬಗ್ಗದೆ ಬಿಸಿ ಏರಿದರೆ ಪೂರ್ತಿ ಆರಿಸಿಕೊಳ್ಳುತ್ತದೆ. ನಮ್ಮ ಪುಸ್ತಕದಲ್ಲಿ ಈ ಮೂರನೆಯದು ಒಮ್ಮೆಯೂ ಬರಲಿಲ್ಲ. ಮೊದಲನೆಯದು ಧಾರಾಳ, ಎರಡನೆಯದು ಅಪರೂಪ.

ನೀಲಿ ತೆರೆ ಓದಲು ಸಿಗದಿರುವುದಕ್ಕೆ ವಿಂಡೋಸ್‌ನ ಒಂದು ಸೆಟ್ಟಿಂಗ್ ಕಾರಣ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಎಂಬಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಟಿಕ್ ತೆಗೆದರೆ ಆ ತೆರೆ ಅಲ್ಲೇ ನಿಲ್ಲುತ್ತದೆ, ಕೋಡನ್ನು ನಿಧಾನವಾಗಿ ಬರೆದುಕೊಳ್ಳಬಹುದು. ಈವೆಂಟ್ ವ್ಯೂವರ್ ತೆರೆದರೆ ಕರ್ನಲ್-ಪವರ್ 41 ಎಂಬ ಕೆಂಪು ಸಾಲು ಕಾಣುತ್ತದೆ. ಇದನ್ನು ನೋಡಿ ಪವರ್ ಸಪ್ಲೈ ಹೋಯಿತೆಂದು ತೀರ್ಮಾನಿಸುವವರುಂಟು. ಆ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಯಂತ್ರ ಎದ್ದ ಮೇಲೆ ಬರೆದ ಸಾಲು ಅದು. ಉಪಯೋಗಕ್ಕೆ ಬರುವುದು ಅದರ ವಿವರದೊಳಗಿನ ಬಗ್‌ಚೆಕ್ ಕೋಡ್. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ಏನನ್ನೂ ದಾಖಲಿಸಲು ಪುರುಸೊತ್ತು ಸಿಕ್ಕಿಲ್ಲ. ಕರೆಂಟೇ ಕಡಿದಿರಬೇಕು, ಇಲ್ಲವೇ ಯಂತ್ರ ಗಟ್ಟಿಯಾಗಿ ಹ್ಯಾಂಗ್ ಆಗಿರಬೇಕು. ಬೇರೆ ಸಂಖ್ಯೆಯಿದ್ದರೆ ಡ್ರೈವರ್, ರ‍್ಯಾಮ್ ಕಡೆ ನೋಡಬೇಕು. ನಮ್ಮ ಕಪ್ಪು ತೆರೆಯ ದಾಖಲೆಗಳಲ್ಲೆಲ್ಲ ಸೊನ್ನೆ.

ಪುನರ್ವಸು

ಗಾಳಿ ಜೋರಾಯಿತು. ಪುಸ್ತಕದಲ್ಲೂ ಸಾಲುಗಳು ಹೆಚ್ಚಿದವು. ಮಳೆ ಎಷ್ಟೇ ಸುರಿದರೂ ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ಯಂತ್ರ ತೆಪ್ಪಗಿರುತ್ತಿತ್ತು. ತೋಟದ ಕಡೆಯಿಂದ ಗಾಳಿ ಬೀಸಿದಾಗ ಆರುತ್ತಿತ್ತು.

ಕರೆಂಟ್ ಹೋಗಿ ಬಂದರೆ ಮನೆಯವರಿಗೆಲ್ಲ ತಿಳಿಯುತ್ತದೆ. ಆದರೆ ಕಂಪ್ಯೂಟರಿಗೆ ತೊಂದರೆ ಕೊಡಲು ಅಷ್ಟು ಹೊತ್ತು ಬೇಕಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಗೋಡೆಯಿಂದ ಕರೆಂಟ್ ನಿಂತ ಮೇಲೂ ಒಂದು ಒಳ್ಳೆಯ ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಪೂರ್ತಿ ಹೊರೆಯಲ್ಲಿ ಸುಮಾರು 16-17 ಮಿಲಿಸೆಕೆಂಡ್ ತಡೆದುಕೊಳ್ಳಬೇಕೆಂಬುದು ಲೆಕ್ಕ. ಅದರೊಳಗಿನ ದೊಡ್ಡ ಕೆಪಾಸಿಟರ್ ಬಚ್ಚಲ ಹಂಡೆಯಿದ್ದಂತೆ. ನಲ್ಲಿ ನಿಂತರೂ ತುಂಬಿಟ್ಟಷ್ಟು ನೀರು ಇರುತ್ತದೆ. ಅದು ಮುಗಿಯುತ್ತಿದ್ದಂತೆ ಎಸ್‌ಎಂಪಿಎಸ್ ತನ್ನ "ಪವರ್ ಗುಡ್" ಸಂಕೇತವನ್ನು ಹಿಂದೆಗೆದುಕೊಳ್ಳುತ್ತದೆ, ಮದರ್‌ಬೋರ್ಡ್ ತಕ್ಷಣ ರೀಸೆಟ್ ಆಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ವಾಪಸ್ ಬಂದಿದ್ದರೆ ಮನೆಯವರಿಗೆ ಕಾಣುವುದು ರೀಸ್ಟಾರ್ಟ್ ಮಾತ್ರ.

ಸಾಕ್ಷಿಗೆಂದು ಅದೇ ಬೋರ್ಡಿನ ಇನ್ನೊಂದು ಸಾಕೆಟ್ಟಿಗೆ ಹಳೆಯ ತಂತಿಯ ಬಲ್ಬೊಂದನ್ನು ಹಾಕಿ, ಓದುವಾಗ ಕಣ್ಣಂಚಿಗೆ ಕಾಣುವಲ್ಲಿ ಇಟ್ಟೆ. ಗಾಳಿ ಬೀಸಿದಾಗ ಬಲ್ಬು ಸಣ್ಣಗೆ ಅದುರುತ್ತಿತ್ತು. ಆರುತ್ತಿರಲಿಲ್ಲ, ಒಂದು ಕ್ಷಣ ಕೆಂಪಗಾಗಿ ಬೆಳ್ಳಗಾಗುತ್ತಿತ್ತು. ಕಪ್ಪು ತೆರೆಯ ಹೆಚ್ಚಿನ ಸಾಲುಗಳ ಪಕ್ಕ ಈಗ "ಬಲ್ಬು ಅದುರಿತು" ಎಂದು ಸೇರಿತು.

ಕಂಬದಿಂದ ಕಂಬಕ್ಕೆ ಲೈನು ನೋಡುತ್ತಾ ಹೋದರೆ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹೋಗುವ ದಾರಿಯಲ್ಲಿ ಬಿದಿರು ಮೆಳೆ. ಆ ವರ್ಷದ ಕಳಲೆಗಳು ಎದ್ದು ನಿಂತಿದ್ದವು. ಹಳೆಯ ಗಳವೊಂದು ನೀರಿನ ಭಾರಕ್ಕೆ ಬಾಗಿ, ಗಾಳಿ ಬಂದಾಗಲೆಲ್ಲ ತಂತಿಯನ್ನು ಸವರಿ ಹಿಂದೆ ಸರಿಯುತ್ತಿತ್ತು. ತಂತಿ ತಾಗುವಲ್ಲಿ ಎಲೆಗಳ ತುದಿ ಕಂದಾಗಿತ್ತು. ಲೈನ್‌ಮನ್ ಬಂದು ಕೊಡೆಯಡಿಯಿಂದಲೇ ಕತ್ತೆತ್ತಿ ನೋಡಿದರು.

"ಇದಕ್ಕೆ ಕಂಪ್ಯೂಟರ್ ಪುಸ್ತಕ ಯಾಕೆ ಮಾರಾಯ್ರೆ? ಲೈನ್ ಆಫ್ ಮಾಡಿಸ್ತೇನೆ, ಗಳ ಕಡಿಸಿ. ನೀವಾಗೇ ಕತ್ತಿ ಹಾಕ್ಬೇಡಿ ಮತ್ತೆ."

"ಆಯ್ತು ಮಾರಾಯ್ರೆ. ಆದ್ರೆ ಪಕ್ಕದ ಮನೆಗೂ ಇದೇ ಲೈನು. ಅವರ ಕಂಪ್ಯೂಟರಿಗೆ ಏನೂ ಆಗ್ತಿಲ್ವಲ್ಲ?"

"ಅದನ್ನ ನೀವೇ ನೋಡ್ಕಳಿ" ಎಂದು ಅವರು ಮುಂದಿನ ಕಂಬಕ್ಕೆ ನಡೆದರು.

ಪುಷ್ಯ

ಗಳ ಕಡಿದ ಮೇಲೆ ಸಾಲುಗಳು ಕಡಿಮೆಯಾದವು, ನಿಲ್ಲಲಿಲ್ಲ. ಉಳಿದವುಗಳಲ್ಲಿ ಬೇರೆಯೇ ಕ್ರಮ ಕಾಣತೊಡಗಿತು: ನಸುಕಿನಲ್ಲಿ, ಸಿಳ್ಳಾರ ಹಕ್ಕಿ ಹಳ್ಳದ ಬದಿಯಲ್ಲಿ ಸಿಳ್ಳೆ ಹಾಕುವ ಹೊತ್ತಿಗೆ ಯಂತ್ರ ಹಚ್ಚಿದರೆ ಮೊದಲ ಕೆಲವು ನಿಮಿಷಗಳಲ್ಲೇ ಆರುತ್ತಿತ್ತು, ಬಲ್ಬು ಅದುರದೆ. ಆಮೇಲೆ ಇಡೀ ದಿನ ಓಡಿದರೂ ತಕರಾರಿಲ್ಲ. ಬಿಸಿಯ ದೋಷವಾಗಿದ್ದರೆ ಇದು ತಿರುಗಾಮುರುಗಾ ಇರಬೇಕಿತ್ತು: ಬೆಳಿಗ್ಗೆ ಸುಮ್ಮನಿದ್ದು, ಓಡಿ ಓಡಿ ಕಾದ ಮೇಲೆ ಆರಬೇಕಿತ್ತು. ಇದಕ್ಕೆ ತಣ್ಣಗಿರುವುದೇ ಆಗುತ್ತಿರಲಿಲ್ಲ.

ತಣ್ಣಗಿದ್ದಾಗ ಕೆಟ್ಟು ಬೆಚ್ಚಗಾದಾಗ ಸರಿಯಾಗುವ ಭಾಗವೆಂದರೆ ಮೊದಲು ಅನುಮಾನ ಬರಬೇಕಾದದ್ದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ. ಅದರೊಳಗೆ ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ವರ್ಷಗಳು ಕಳೆದಂತೆ ದ್ರಾವಣ ಆರುತ್ತದೆ, ಒಳಗಿನ ತಡೆ ಏರುತ್ತದೆ. ತಂಪಿನಲ್ಲಿ ಆ ತಡೆ ಇನ್ನಷ್ಟು ಹೆಚ್ಚು. ಕಾವು ಹತ್ತಿದಾಗ ತುಸು ಇಳಿಯುತ್ತದೆ. ಇವುಗಳ ಆಯುಸ್ಸಿಗೂ ಶಾಖಕ್ಕೂ ಒಂದು ಲೆಕ್ಕವಿದೆ: ಸುತ್ತಲಿನ ಉಷ್ಣತೆ 10 ಡಿಗ್ರಿ ಇಳಿದರೆ ಆಯುಸ್ಸು ಸುಮಾರು ಇಮ್ಮಡಿ, ಏರಿದರೆ ಅರ್ಧ.

ಆಶ್ಲೇಷ

ಸೂರ್ಯ ಕಾಣದ ವಾರಗಳು. ಗೋಡೆಗೆ ಪಾಚಿ, ಚಪ್ಪಲಿಗೆ ಬೂಸ್ಟು. ನೀಲಿ ತೆರೆಯ ದಾಖಲೆಗಳು ಈ ದಿನಗಳಲ್ಲೇ ಒತ್ತೊತ್ತಾಗಿ ಬಂದವು, ಪ್ರತಿಸಲ ಬೇರೆ ಬೇರೆ ಕೋಡು. ಒಂದೇ ಡ್ರೈವರಿನ ತಪ್ಪಾಗಿದ್ದರೆ ಸಾಮಾನ್ಯವಾಗಿ ಒಂದೇ ಹೆಸರು ಮರುಕಳಿಸುತ್ತದೆ. ಕೋಡು ದಿನಕ್ಕೊಂದಾದರೆ ರ‍್ಯಾಮ್ ನೋಡುವುದು ವಾಡಿಕೆ.

ರ‍್ಯಾಮ್ ವಿಷಯದಲ್ಲಿ ಅಪರೂಪದ ಹಕ್ಕಿಯೊಂದಿದೆ. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ, ಚಿಪ್ಪಿನ ಸೆರಾಮಿಕ್ ಕವಚದಲ್ಲಿದ್ದ ವಿಕಿರಣಶೀಲ ಅಂಶದಿಂದ ಹೊರಟ ಆಲ್ಫಾ ಕಣಗಳು ಮೆಮೊರಿಯ ಬಿಟ್‌ಗಳನ್ನು ಬದಲಿಸಬಲ್ಲವೆಂದು ತೋರಿಸಿದರು. 2003ರ ಬೆಲ್ಜಿಯಂ ಚುನಾವಣೆಯಲ್ಲಿ ಶಾರ್ಬೀಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ಬಂತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದು, ಅಂದರೆ ಒಂದೇ ಒಂದು ಬಿಟ್ ಮಗುಚಿದ ಲೆಕ್ಕ. ಆಕಾಶದಿಂದ ಬಂದ ಕಣದ ಮೇಲೆ ಸಂಶಯ ಹೋಯಿತು. ಸಾಬೀತು ಮಾಡುವ ದಾರಿ ಇರಲಿಲ್ಲ. ಇಂಥ ಕಥೆ ಓದಿದವರಿಗೆ ತಮ್ಮ ಮನೆಯ ನೀಲಿ ತೆರೆಗೂ ಆಕಾಶವೇ ಕಾರಣ ಎನ್ನಿಸಬಹುದು. ಆದರೆ ಹೊಸ ಹಕ್ಕಿ ಕಂಡೆ ಎನ್ನುವ ಮುಂಚೆ ಅದು ಮರಿಯೋ, ಗರಿ ಉದುರಿಸುತ್ತಿರುವ ಮಾಮೂಲಿ ಹಕ್ಕಿಯೋ ಎಂದು ನೋಡುವುದು ರೂಢಿ.

ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿದರೆ ಬೆಳಿಗ್ಗೆ ಕೆಂಪು ಸಾಲುಗಳು. ಇಲ್ಲಿ ಒಂದು ನೇಮ ಬಿಡಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನೇ ಇಟ್ಟು ಓಡಿಸಿದೆ. ಸ್ಲಾಟ್ ಬದಲಿಸಿ ಓಡಿಸಿದೆ. ಇನ್ನೊಂದಕ್ಕೂ ಹಾಗೇ ಮಾಡಿದೆ. ತಪ್ಪು ಪಟ್ಟಿಯ ಬೆನ್ನು ಹತ್ತಲಿಲ್ಲ. ಯಾವ ಪಟ್ಟಿ ಹಾಕಿದರೂ ಎರಡನೇ ಸ್ಲಾಟಿನಲ್ಲೇ ತಪ್ಪು. ಕೆಟ್ಟಿದೆ ಎಂದು ಹೊಸ ರ‍್ಯಾಮ್ ತಂದು ಅದೇ ಸ್ಲಾಟಿಗೆ ಹಾಕಿದ್ದರೆ ದುಡ್ಡು ಹೋಗಿ ದೋಷ ಉಳಿಯುತ್ತಿತ್ತು.

ಮಘೆ

ಪ್ಲಗ್ ಕಿತ್ತು, ಸಿಪಿಯು ಡಬ್ಬವನ್ನು ಕಿಟಕಿಯ ಬೆಳಕಿಗೆ ತಂದು ಪಕ್ಕದ ತಗಡು ಬಿಚ್ಚಿದೆ. ಅಡಿಕೆ ಸುಲಿಯುವ ಕಾಲದ ನಾರಿನ ಧೂಳು, ಒಲೆಯ ಮಸಿ, ಎರಡೂ ಸೇರಿ ಬೂದು ಬಣ್ಣದ ಪದರವಾಗಿ ಕೂತಿತ್ತು. ಬೇಸಿಗೆಯಲ್ಲಿ ಇದು ಗಾಳಿಯ ದಾರಿ ಕಟ್ಟುತ್ತದೆಯೇ ಹೊರತು ಕರೆಂಟ್ ಹರಿಸುವುದಿಲ್ಲ. ತೇವ ಹೀರಿದ ಮೇಲೆ ಅದರ ಗುಣ ಬೇರೆ. ಎರಡನೇ ಸ್ಲಾಟಿನ ಸೀಳಿನಲ್ಲಿ ಆ ಧೂಳು ಬೆರಳಿಗೆ ಅಂಟುವಷ್ಟು ಒದ್ದೆ. ಸ್ಲಾಟಿನ ಅಂಚಿನಲ್ಲಿ ಹಲ್ಲಿಯ ಹಿಕ್ಕೆ: ಕಪ್ಪು ಕಡ್ಡಿ, ತುದಿಯಲ್ಲಿ ಬಿಳಿ ಚುಕ್ಕೆ. ಆ ಬಿಳಿ ಯೂರಿಕ್ ಆಮ್ಲ. ಒಣ ಬ್ರಷ್ಷು, ಬ್ಲೋವರ್ ಹಿಡಿದು ಸ್ಲಾಟ್ ಚೊಕ್ಕ ಮಾಡಿದೆ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಲಿಲ್ಲ, ಯಾವುದರಿಂದ ಸರಿಹೋಯಿತೆಂದು ತಿಳಿಯಬೇಕಲ್ಲ. ಮೆಮ್‌ಟೆಸ್ಟ್ ಮತ್ತೆ ರಾತ್ರಿಯಿಡೀ ಓಡಿತು, ಕೆಂಪು ಬರಲಿಲ್ಲ.

ಹಲ್ಲಿ ಅಲ್ಲಿಗೆ ಬಂದದ್ದೇಕೆಂದು ಹುಡುಕಿದರೆ ಎಸ್‌ಎಂಪಿಎಸ್ ಮೇಲಿನ ಸಂದಿಯಲ್ಲಿ ಎರಡು ಬಿಳಿ ಮೊಟ್ಟೆಚಿಪ್ಪು, ಒಡೆದು ಮರಿ ಹೋದವು. ಮನೆಹಲ್ಲಿ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಚಿಪ್ಪು ಗಟ್ಟಿ, ಕಾವು ಕೊಡಲು ತಾಯಿ ಕೂರುವುದಿಲ್ಲ, ಬೆಚ್ಚಗಿನ ಒಣ ಸಂದಿ ಹುಡುಕುವುದಷ್ಟೇ ಅದರ ಕೆಲಸ. ಮಲೆನಾಡಿನ ಮಳೆಗಾಲದಲ್ಲಿ ಹಗಲೆಲ್ಲ ಬೆಚ್ಚಗಿರುವ ಜಾಗ ಮನೆಯಲ್ಲಿ ಎಷ್ಟಿವೆ? ಒಲೆ, ಫ್ರಿಜ್ಜಿನ ಬೆನ್ನು, ಈ ಡಬ್ಬ. ಚಿಪ್ಪನ್ನು ಕಾಗದದಲ್ಲಿ ಸುತ್ತಿ ಜಾಗ, ತಾರೀಖು ಬರೆದಿಟ್ಟೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಗಣಕದ ಎಫ್ ಪ್ಯಾನೆಲ್ಲಿನ 70ನೇ ರಿಲೇಯಲ್ಲಿ ಸಿಕ್ಕಿದ ಪತಂಗವನ್ನು ಅಲ್ಲಿನವರು ಮಧ್ಯಾಹ್ನ 3.45ರ ಹೊತ್ತಿನ ಜೊತೆ ಲಾಗ್ ಪುಸ್ತಕಕ್ಕೆ ಅಂಟಿಸಿದ್ದರು. ಕೀಟ ಸಂಗ್ರಹಿಸುವವರು ಚೀಟಿಯಲ್ಲಿ ಬರೆಯುವುದೂ ಅಷ್ಟನ್ನೇ: ಎಲ್ಲಿ, ಯಾವಾಗ.

ಎಸ್‌ಎಂಪಿಎಸ್ ಬಿಚ್ಚುವ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. 230 ವೋಲ್ಟ್ ಒಳಗೆ ಹೋಗಿ 325 ವೋಲ್ಟ್ ಡಿಸಿ ಆಗಿರುತ್ತದೆ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಪೇಟೆಯ ರಿಪೇರಿ ಅಂಗಡಿಗೆ ಡಬ್ಬವನ್ನೂ ಪುಸ್ತಕವನ್ನೂ ಒಯ್ದೆ. ಅಂಗಡಿಯವ ಮೊದಲು ಪುಸ್ತಕ ಓದಿದ, ಆಮೇಲೆ ಸ್ಕ್ರೂ ಡ್ರೈವರ್ ಎತ್ತಿಕೊಂಡ.

"ಬೆಳಿಗ್ಗೆ ಮಾತ್ರ ಆಗ್ತದೆ ಅಂತ ಬರ್ದಿದೀರಲ್ಲ ಸರ್, ಇಲ್ನೋಡಿ."

ಹೊರಹೋಗುವ ತಂತಿಗಳ ಬುಡದಲ್ಲಿ ಸಣ್ಣ ಕೆಪಾಸಿಟರ್‌ಗಳ ಸಾಲು. ಅವುಗಳ ನೆತ್ತಿಯಲ್ಲಿ ಅಡ್ಡಗೀಟಿನ ಗುರುತು ಇರುತ್ತದೆ. ಒಳಗೆ ಅನಿಲ ತುಂಬಿದರೆ ಸಿಡಿಯದೆ ಅಲ್ಲೇ ಬಿರಿಯಲಿ ಎಂದು. ಎರಡರ ನೆತ್ತಿ ಉಬ್ಬಿತ್ತು, ಒಂದರ ಗೀಟಿನಲ್ಲಿ ಕಂದು ಬಣ್ಣದ ಒಣ ಕಲೆ. ದೊಡ್ಡ ಕೆಪಾಸಿಟರ್ ನೋಡಲು ಹೊಸತರಂತಿತ್ತು. ಚಾರ್ಜ್ ಇಳಿಸಿ ಮೀಟರ್ ಹಿಡಿದ. ಮೈಮೇಲೆ 680 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿತ್ತು, ಮೀಟರ್ ಅದರ ಅರ್ಧವನ್ನೂ ತೋರಿಸಲಿಲ್ಲ.

ಪಕ್ಕದ ಮನೆಯ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಎರಡೂ ಮನೆಗೆ ಅದೇ ಬಿದಿರು, ಅದೇ ಅದುರು. ಅವರ ಎಸ್‌ಎಂಪಿಎಸ್ ಆ ಕ್ಷಣವನ್ನು ದಾಟುತ್ತಿತ್ತು, ನಮ್ಮದು ದಾಟುತ್ತಿರಲಿಲ್ಲ. ಬಿದಿರೊಂದೇ ಕಾರಣ ಎಂದರೂ, ಕೆಪಾಸಿಟರ್ ಒಂದೇ ಕಾರಣ ಎಂದರೂ ಅರ್ಧವೇ ಸರಿ. ಕಾರಣದ ಕಾಲಂ ತುಂಬಿದ್ದು ಆಗ, ಎರಡನ್ನೂ ಸೇರಿಸಿ.

ಹಸ್ತ

ಹೊಸ ಎಸ್‌ಎಂಪಿಎಸ್ ಕೂತಿದೆ, ಹಿಂದಿನ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿದಿದೆ. ಈಗ ಪುಸ್ತಕದಲ್ಲಿ ಬರೆಯುವುದು "ಇಲ್ಲ" ಎಂದು. ಗಾಳಿ ಇತ್ತು, ಆರಲಿಲ್ಲ. ನಸುಕಿನಲ್ಲಿ ಹಚ್ಚಿದೆ, ಆರಲಿಲ್ಲ. ಹಕ್ಕಿ ಪಟ್ಟಿಯಲ್ಲಿ ಹುಡುಕಿಯೂ ಕಾಣದ ದಿನಕ್ಕೆ ಬೆಲೆಯಿದೆ. ಹುಡುಕದೆ ಕಾಣದ ದಿನಕ್ಕೆ ಇಲ್ಲ. ಬಿಟ್ಟು ಬಿಟ್ಟು ಬರುವ ದೋಷ ವಾಸಿಯಾಯಿತೆನ್ನಲು ಹಿಂದೆ ಅದು ಸುಮ್ಮನಿದ್ದ ಅತಿ ಉದ್ದದ ಅವಧಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಯಬೇಕು. ನಮ್ಮದು ಮಳೆಗಾಲದ ದೋಷ. ಸ್ವಾತಿ ಮಳೆ ಮುಗಿದು ಬಿಸಿಲು ಬಂದ ಮೇಲೆ ಅದು ಹಳೆಯ ಕೆಪಾಸಿಟರ್‌ನಲ್ಲೂ ಅಡಗಿಯೇ ಇರುತ್ತಿತ್ತು. ಹಾಗಾಗಿ "ವಾಸಿ" ಎಂಬ ಪದವನ್ನು ಈ ವರ್ಷ ಬರೆಯುವಂತಿಲ್ಲ. ಬರುವ ಆರಿದ್ರೆಯಿಂದ ಆಶ್ಲೇಷದವರೆಗೆ ಪುಸ್ತಕ ಇದೇ ಕಾಲಂಗಳಲ್ಲಿ ಮುಂದುವರಿಯಬೇಕು.