ಸಿಗ್ನಲ್ಲಿನ ಮಗು ಬಾಡಿಗೆಯದಲ್ಲ

"ಆ ಮಗು ಅವಳದಲ್ಲ ಸಾರ್, ಬಾಡಿಗೆಗೆ ತಂದಿರೋದು. ಔಷಧಿ ಕುಡಿಸಿ ಮಲಗಿಸಿರ್ತಾರೆ." ಬೆಂಗಳೂರಿನ ದೊಡ್ಡ ಸಿಗ್ನಲ್ಲುಗಳಲ್ಲಿ ಗಾಡಿ ನಿಲ್ಲಿಸಿದವರಲ್ಲಿ ಈ ಮಾತು ಕೇಳದವರು ಕಡಿಮೆ. ಆಟೊ ಓಡಿಸುವವರು ಹೇಳುತ್ತಾರೆ, ಕಾರಿನ ಹಿಂದಿನ ಸೀಟಿನಲ್ಲಿ ಕೂತ ಡಾಕ್ಟರು ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನಿವೃತ್ತ ಅಧಿಕಾರಿಗಳು ಬರೆಯುತ್ತಾರೆ. ಬಾಡಿಗೆಗೆ ಕೊಟ್ಟವರು ಯಾರು ಎಂದು ನಾನು ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: "ಎಲ್ಲರಿಗೂ ಗೊತ್ತಿರೋದೇ ಅಲ್ವಾ?" ಆ ಹೆಂಗಸಿನ ಜೊತೆ ಎರಡು ನಿಮಿಷ ಮಾತಾಡಿದವರು ಇವರಲ್ಲಿ ಒಬ್ಬರೂ ಇಲ್ಲ. ಅವಳು ರಾತ್ರಿ ಎಲ್ಲಿ ಮಲಗುತ್ತಾಳೆ, ಮಗುವಿಗೆ ಎಷ್ಟು ತಿಂಗಳು, ಲಸಿಕೆ ಹಾಕಿಸಿದ್ದಾಳೋ ಇಲ್ಲವೋ ಒಂದೂ ಗೊತ್ತಿಲ್ಲ. ಮಗು ಕದ್ದದ್ದು ಎಂಬುದು ಮಾತ್ರ ಗೊತ್ತು.

ಈ ನಂಬಿಕೆಗೆ ಜನ ಕೊಡುವ ಪುರಾವೆಗಳನ್ನೇ ನೋಡೋಣ. ಮೊದಲನೆಯದು, ಮಗು ಯಾವಾಗ ನೋಡಿದರೂ ನಿದ್ದೆಯಲ್ಲಿರುತ್ತದೆ. ಹಸುಗೂಸುಗಳು ನಿದ್ದೆಯಲ್ಲೇ ಇರುತ್ತವೆ. ಮೂರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ, ವರ್ಷದೊಳಗಿನದಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಮ್ಮ ಮನೆಯ ಕೂಸು ತೊಟ್ಟಿಲಲ್ಲಿ ಹಗಲೆಲ್ಲ ಮಲಗಿದರೆ ಅದು ಒಳ್ಳೆಯ ಮಗು. ಫ್ಲೈಓವರ್ ಕೆಳಗಿನ ಕೂಸು ತಾಯಿಯ ಸೆರಗಿನ ಜೋಳಿಗೆಯಲ್ಲಿ ಮಲಗಿದರೆ ಅದಕ್ಕೆ ಔಷಧಿ ಕುಡಿಸಲಾಗಿದೆ! ರಾತ್ರಿಯೆಲ್ಲ ಲಾರಿ ಸದ್ದು, ಸೊಳ್ಳೆ, ಪೊಲೀಸರ "ಏಳ್ರೀ, ಇಲ್ಲಿಂದ ಹೊರಡ್ರೀ". ಆ ನಿದ್ದೆಯ ಬಾಕಿಯನ್ನು ಮಗು ಹಗಲು ತೀರಿಸಿಕೊಳ್ಳುತ್ತದೆ.

ಇನ್ನೂ ಗಂಭೀರವಾದ ಕಾರಣವೊಂದಿದೆ. ಸರಿಯಾಗಿ ತಿನ್ನದ ಮಗು ಮಂಕಾಗುತ್ತದೆ. ತೀವ್ರ ಅಪೌಷ್ಟಿಕತೆಯಲ್ಲಿ ಮಗು ಅಳುವುದನ್ನೂ ಆಡುವುದನ್ನೂ ಕಡಿಮೆ ಮಾಡಿ ಸುಮ್ಮನೆ ಬಿದ್ದುಕೊಳ್ಳುತ್ತದೆ, ಮಕ್ಕಳ ವೈದ್ಯರು ಮೊದಲು ಗಮನಿಸುವ ಲಕ್ಷಣಗಳಲ್ಲಿ ಅದೂ ಒಂದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದವರಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಇದು ಮನೆಗಳಿರುವವರ ಲೆಕ್ಕ. ಆ ಸಮೀಕ್ಷೆ ಮನೆ ಬಾಗಿಲಿಗೆ ಹೋಗಿ ಮಾಡುವಂಥದ್ದು, ಬಾಗಿಲೇ ಇಲ್ಲದವರ ಮಕ್ಕಳು ಅದರಲ್ಲಿ ಬರುವುದೇ ಇಲ್ಲ. ಆ ಮಕ್ಕಳ ಸ್ಥಿತಿ ಇದಕ್ಕಿಂತ ಚೆನ್ನಾಗಿರುತ್ತದೆಂದು ಯಾರಾದರೂ ನಂಬುತ್ತಾರೆಯೇ? ಹಸಿವಿನಿಂದ ಸುಸ್ತಾದ ಮಗುವನ್ನು ನೋಡಿ "ಡ್ರಗ್ಸ್" ಎನ್ನುತ್ತ ಗಾಜು ಏರಿಸುವುದಕ್ಕಿಂತ ದೊಡ್ಡ ಅನ್ಯಾಯ ನನಗೆ ಸದ್ಯಕ್ಕೆ ಹೊಳೆಯುತ್ತಿಲ್ಲ.

ಎರಡನೆಯ ಪುರಾವೆ, ಮಗುವಿನ ಕೂದಲು ಕೆಂಚಗಿದೆ, ಮುಖ ತಾಯಿಯ ಹಾಗಿಲ್ಲ, "ಯಾರೋ ಒಳ್ಳೆ ಮನೆಯವರ ಮಗು". ಪ್ರೊಟೀನು ಸಾಲದ ಮಗುವಿನ ಕೂದಲು ತೆಳ್ಳಗಾಗಿ ಕೆಂಚು ಬಣ್ಣಕ್ಕೆ ತಿರುಗುತ್ತದೆ, ಬಿಸಿಲೂ ಸೇರಿಕೊಳ್ಳುತ್ತದೆ. ಮೂರನೆಯದು, ನಿನ್ನೆ ಒಬ್ಬಳ ಕೈಯಲ್ಲಿದ್ದ ಮಗು ಇವತ್ತು ಇನ್ನೊಬ್ಬಳ ಕೈಯಲ್ಲಿದೆ. ಅಜ್ಜಿ, ಚಿಕ್ಕಮ್ಮ, ಅಕ್ಕ ಎಂಬ ನಂಟುಗಳು ಗೋಡೆಯಿರುವ ಮನೆಗಳಲ್ಲಿ ಮಾತ್ರ ಇರುತ್ತವೆಯೇ? ತಾಯಿ ಹೂವಿನ ಮಾರ್ಕೆಟ್ಟಿಗೋ ಗಾರೆ ಕೆಲಸಕ್ಕೋ ಚಿಂದಿ ಆಯಲಿಕ್ಕೋ ಹೋದಾಗ ಮಗುವನ್ನು ಯಾರಾದರೂ ಎತ್ತಿಕೊಳ್ಳಲೇಬೇಕು, ಪೆನ್ನು ಬಲೂನು ಮಾರಲು ಬಂದವಳು ಅದನ್ನು ಸೊಂಟದಲ್ಲಿಟ್ಟುಕೊಂಡೇ ಬರುತ್ತಾಳೆ.

ಮಕ್ಕಳನ್ನು ಕದ್ದು ಭಿಕ್ಷೆಗೆ ಹಚ್ಚುವ ದುಷ್ಟರು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಮಂಪರು ಬರಿಸಿದ ಪ್ರಕರಣಗಳೂ ಇಲ್ಲದಿಲ್ಲ. ಹಳೆಯ ದಂಡಸಂಹಿತೆಯ 363ಎ, ಈಗಿನ ನ್ಯಾಯ ಸಂಹಿತೆಯ 139ನೆಯ ಸೆಕ್ಷನ್ ಇರುವುದು ಆ ಅಪರಾಧಕ್ಕಾಗಿಯೇ. ಆದರೆ ಅಪರಾಧ ದಾಖಲೆ ಬ್ಯೂರೊದ ವರದಿ ತೆರೆದು ನೋಡಿ. ಮಕ್ಕಳ ಅಪಹರಣದ ಸಾವಿರಾರು ಪ್ರಕರಣಗಳ ನಡುವೆ ಭಿಕ್ಷೆಗಾಗಿ ನಡೆದವುಗಳ ಪಾಲು ಬಹಳ ಸಣ್ಣದು. ನಿಜವಾಗಿ ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ, ಅದು ಹಗಲು ರಾತ್ರಿ ನಡೆಯುವ ಮಕ್ಕಳ ಸಹಾಯವಾಣಿ. ಅನುಮಾನವನ್ನು ಮಾತಾಗಿ ಹರಡುವವರು ಎಷ್ಟೊಂದು ಜನ, ಕರೆ ಮಾಡುವವರು ಎಷ್ಟು ಕಡಿಮೆ! ಮಗು ಅಪಾಯದಲ್ಲಿದೆ ಎಂದು ಮನಸಾರೆ ನಂಬಿದವರು ಹಸಿರು ದೀಪ ಬಂದ ಕೂಡಲೇ ಹೊರಟುಹೋಗುತ್ತಾರೆಯೇ?

ಈ ನಂಬಿಕೆ ಬರೀ ಬಾಯಿಮಾತಾಗಿ ಉಳಿಯುವುದಿಲ್ಲ. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳ ಎಂದು ಕೈಕಟ್ಟಿ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷೆ ಬೇಡಿ ಬದುಕುವ ನಾಥಪಂಥಿ ಡವರಿ ಗೋಸಾವಿ ಅಲೆಮಾರಿ ಸಮುದಾಯದ ಐವರು ಸತ್ತರು. ಅವರಲ್ಲಿ ಬಹುಪಾಲು ಮಂಗಳವೇಢೆ ತಾಲೂಕಿನವರು, ಬಸವಣ್ಣ ಕರಣಿಕನಾಗಿದ್ದ ಅದೇ ಮಂಗಳವೇಢೆ. ಸಂತೆಯಲ್ಲಿ ಅವರಲ್ಲೊಬ್ಬ ಮಗುವೊಂದನ್ನು ಮಾತಾಡಿಸಿದ್ದೇ ನೆಪವಾಯಿತು. ಅದೇ ತಿಂಗಳು 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಜೊತೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅಲ್ಲಿ ತಪ್ಪು. ಆ ತಿಂಗಳುಗಳಲ್ಲಿ ಊರೂರಿಗೆ ಹರಿದಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಕರಾಚಿಯಲ್ಲಿ ತಯಾರಾದದ್ದು. ಮಕ್ಕಳ ಸುರಕ್ಷತೆಯ ಜಾಗೃತಿಗೆ ನಟರನ್ನಿಟ್ಟು ಮಾಡಿದ ಆ ಚಿತ್ರದಲ್ಲಿ ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು.

ಸದ್ದಿಲ್ಲದೆ ನಡೆಯುವ ಹಾನಿ ಇನ್ನೊಂದಿದೆ. ಬೀದಿಯಲ್ಲಿರುವ ತಾಯಿಗೆ ತನ್ನ ಮಗು ತನ್ನದೇ ಎಂದು ತೋರಿಸಲು ಕಾಗದವಿಲ್ಲ. ತಾಯಿ ಕಾರ್ಡ್ ಮಳೆಯಲ್ಲಿ ನೆನೆದುಹೋಗಿರುತ್ತದೆ, ಇಲ್ಲವೆ ಪಾಲಿಕೆಯವರು ಟೆಂಟು ಕಿತ್ತಾಗ ಗಂಟಿನ ಜೊತೆ ಲಾರಿ ಸೇರಿರುತ್ತದೆ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ವಿಳಾಸವಿಲ್ಲದ ಹೆಂಗಸು ಆ ಕಚೇರಿಯ ಮೆಟ್ಟಿಲು ಹತ್ತುವುದಾದರೂ ಹೇಗೆ? 2023ರ ತಿದ್ದುಪಡಿಯಾದ ಮೇಲೆ ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. 2025ರ ಜುಲೈನಲ್ಲಿ ಪಂಜಾಬ್ ಸರ್ಕಾರ, ಮಕ್ಕಳನ್ನು ಎತ್ತಿಕೊಂಡು ಭಿಕ್ಷೆ ಬೇಡುವವರಿಗೆ ಡಿಎನ್‌ಎ ಪರೀಕ್ಷೆ ಮಾಡಿಸುವುದಾಗಿ ಹೇಳಿತು. ಫಲಿತಾಂಶ ಬರುವವರೆಗೆ ಮಗು ತಾಯಿಯಿಂದ ದೂರ ಬಾಲಮಂದಿರದಲ್ಲಿ. ಮೊಲೆ ಕುಡಿಯುವ ಕೂಸಿಗೆ ಅಂಥ ಒಂದೊಂದು ದಿನವೂ ಎಷ್ಟು ಉದ್ದ! ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು 2015ರ ಬಾಲನ್ಯಾಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಬಡತನದ ಕಾರಣಕ್ಕೆ ತಾಯಿ ಮಗುವನ್ನು ಬೇರೆ ಮಾಡುವುದು ರಕ್ಷಣೆಯಾಗದು.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಕೊಡಬೇಕಿಲ್ಲ. "ಇವರೆಲ್ಲ ಹೊರಗಿನಿಂದ ಬಂದವರು" ಎನ್ನುವವರು ರಾಯಚೂರು, ಯಾದಗಿರಿ, ಕಲಬುರಗಿಯಿಂದ ಪ್ರತಿವರ್ಷ ಗುಳೆ ಬರುವ ಕುಟುಂಬಗಳನ್ನು ಒಮ್ಮೆ ಮಾತಾಡಿಸಲಿ, ಕನ್ನಡದಲ್ಲೇ ಉತ್ತರ ಬರುತ್ತದೆ. "ದುಡಿಯಲು ಸೋಮಾರಿಗಳು" ಎಂಬುದಕ್ಕೆ ಅವರು ಕಟ್ಟಿದ ಮಹಡಿಗಳೇ ಉತ್ತರ. ಬಿಸ್ಕತ್ತಿನ ಪೊಟ್ಟಣ ಕೊಟ್ಟು ಫೋಟೊ ತೆಗೆದುಕೊಂಡವರು ನೆರವಾದೆವೆಂದುಕೊಂಡಿದ್ದರೆ, ಅದು ಒಂದು ಹೊತ್ತಿನ ಹಸಿವನ್ನೂ ಪೂರ್ತಿ ನೀಗದು.

"ಸರ್ಕಾರ ತಂಗುದಾಣ ಕಟ್ಟಿದೆ, ಇವರೇ ಹೋಗುವುದಿಲ್ಲ" ಎಂಬ ಮಾತಿಗೆ ಮಾತ್ರ ಸ್ವಲ್ಪ ನಿಲ್ಲಬೇಕು. 2010ರಲ್ಲಿ ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷಪೂರ್ತಿ ತೆರೆದಿರುವ ತಂಗುದಾಣ ಬೇಕೆಂದು ಹೇಳಿತು. 2011ರ ಗಣತಿಯಲ್ಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ, ಅಂದರೆ ಆಗಲೇ 84 ಬೇಕಿತ್ತು. ಇರುವುದು ಅದಕ್ಕಿಂತ ಬಹಳ ಕಡಿಮೆ, ಇರುವವುಗಳಲ್ಲೂ ಹೆಚ್ಚಿನವು ಒಂಟಿ ಗಂಡಸರಿಗೆ. ಗಂಡ ಒಂದು ಕಡೆ, ಹೆಂಡತಿ ಮಗು ಇನ್ನೊಂದು ಕಡೆ, ಹನ್ನೆರಡು ದಾಟಿದ ಮಗ ಎಲ್ಲಿಗೂ ಸಲ್ಲದವನು. ಕುಟುಂಬವನ್ನು ಹೀಗೆ ಮೂರು ಪಾಲು ಮಾಡುವ ಜಾಗಕ್ಕೆ ಯಾವ ತಾಯಿ ಹೋದಾಳು? ಜನರ ಅಂಜಿಕೆಗೆ ಇನ್ನೊಂದು ಕಾರಣವೂ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನಿಡುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಬೀದಿಯಲ್ಲಿರುವವರು ಅದನ್ನು ಮರೆತಿಲ್ಲ. ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಉಪಕರ ಕಟ್ಟುವ ನಾವು ಮಾತ್ರ ಮರೆತಿದ್ದೇವೆ.

ಹುಡುಕುವ ಮನಸ್ಸಿದ್ದರೆ ಈ ಮಕ್ಕಳು ಸಿಗುತ್ತಾರೆ ಎಂಬುದಕ್ಕೆ ಪೋಲಿಯೊ ಸಾಕ್ಷಿ. ಬಸ್‌ಸ್ಟ್ಯಾಂಡು, ರೈಲು ನಿಲ್ದಾಣ, ಇಟ್ಟಿಗೆ ಭಟ್ಟಿ, ಟೆಂಟು, ಸೇತುವೆಯ ಕೆಳಗೆ ಎಲ್ಲೆಂದರಲ್ಲಿ ಹೋಗಿ ಎರಡು ಹನಿ ಹಾಕಿ ಕಿರುಬೆರಳಿಗೆ ಶಾಯಿ ಹಚ್ಚಿದರು. 2011ರ ಜನವರಿಯಲ್ಲಿ ಹೌರಾದಲ್ಲಿ ಸಿಕ್ಕಿದ್ದೇ ಕೊನೆಯ ಪ್ರಕರಣ, 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತವೆನಿಸಿತು. ಆಗ ಯಾರೂ ಮಗು ಯಾರದು ಎಂದು ಕೇಳಲಿಲ್ಲ. 1969ರಲ್ಲಿ ದೆಹಲಿಯ ರಾಜಘಾಟಿನಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ, ಕೂಲಿಗಳ ಕೂಸುಗಳು ಮಣ್ಣಿನಲ್ಲಿ ಬಿದ್ದಿದ್ದನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿಸಿ ಶಿಶುವಿಹಾರ ತೆರೆದರು. ಮೊಬೈಲ್ ಕ್ರೆಷಸ್ ಸಂಸ್ಥೆ ಹುಟ್ಟಿದ್ದು ಹೀಗೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಕೆಲಸದಲ್ಲಿ ಶಿಶುವಿಹಾರ ಇರಲೇಬೇಕೆಂದು 1996ರಲ್ಲಿ ಕಾನೂನೂ ಬಂತು. ಅದು ಎಷ್ಟು ಕಡೆ ನಡೆಯಿತು ಎಂದು ನಮ್ಮ ಬಡಾವಣೆಗಳಲ್ಲಿ ಏಳುವ ಕಟ್ಟಡಗಳ ಮರಳ ರಾಶಿಯ ಮೇಲೆ ಆಡುವ ಮಕ್ಕಳೇ ಹೇಳುತ್ತಾರೆ.

ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಬ್ಯಾಂಕಿನ ಒಂದು ಮೆಸೇಜ್ ಬಂದರೆ ನಿಜವೋ ಸುಳ್ಳೋ ಎಂದು ನಾಲ್ಕು ಜನರನ್ನು ಕೇಳುವವರು, ಬಡವರ ಬಗ್ಗೆ ಬಂದ ಮಾತನ್ನು ಒಂದು ಕ್ಷಣವೂ ಅನುಮಾನಿಸದೆ ಮುಂದಕ್ಕೆ ಕಳಿಸುವುದು ಯಾಕೆ? ಇದು ಓದಿನ ಕೊರತೆಯಲ್ಲ, ಈ ಮಾತು ಹಬ್ಬಿಸುವವರು ಓದಿದವರೇ. ಮಗು ಕದ್ದದ್ದು ಎಂದಾದರೆ ತಾಯಿ ಅಪರಾಧಿ, ನಮ್ಮ ಹೊಣೆ ಮುಗಿಯಿತು. ಮಗು ಅವಳದೇ ಎಂದಾದರೆ, ನಮ್ಮ ಬೀದಿಯಲ್ಲೊಂದು ಕೂಸು ಮನೆಯಿಲ್ಲದೆ ಬೆಳೆಯುತ್ತಿದೆ ಎಂದು ಒಪ್ಪಬೇಕಾಗುತ್ತದೆ. ಮೊದಲನೆಯದನ್ನು ನಂಬುವುದು ಸುಲಭ, ಅದಕ್ಕೇ ನಂಬುತ್ತಾರೆ.

ಒಪ್ಪುವವರಿಗೆ ಮಾಡಲು ಬೇಕಾದಷ್ಟಿದೆ. ಆ ತಾಯಿಯ ಜೊತೆ ಜನನ ನೋಂದಣಿಗೆ ಹೋಗಿ ಕಚೇರಿಯಲ್ಲಿ ನಿಲ್ಲಬಹುದು. ನಿಮ್ಮ ಅಂಗಡಿಯ, ದೇವಸ್ಥಾನದ ಶೌಚಾಲಯ ರಾತ್ರಿಯೂ ಅವರಿಗೆ ತೆರೆದಿರಲಿ ಎಂದು ಹೇಳಬಹುದು. ಆಶಾ ಕಾರ್ಯಕರ್ತೆಗೆ ಇಂಥ ಜಾಗದಲ್ಲಿ ಇಷ್ಟು ಕೂಸುಗಳಿವೆ ಎಂದು ತಿಳಿಸಬಹುದು. ಆರು ದಾಟಿದ ಮಗುವನ್ನು ಶಾಲೆ ಸೇರಿಸಲು ವಯಸ್ಸಿನ ಪುರಾವೆ ಇಲ್ಲವೆಂದು ತಿರುಗಿಸಿ ಕಳಿಸಿದರೆ ಶಿಕ್ಷಣ ಹಕ್ಕು ಕಾಯ್ದೆಯ 14ನೆಯ ಸೆಕ್ಷನ್ ತೋರಿಸಬಹುದು. ಅದಕ್ಕಿಂತ ಚಿಕ್ಕವರಿಗೆ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ಆ ಯೋಜನೆ ಶುರುವಾದ ದೇಶದ 33 ಕಡೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಆಹಾರ ಭದ್ರತಾ ಕಾಯ್ದೆಯಂತೆ ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಅಲ್ಲಿ ಊಟದ ಹಕ್ಕಿದೆ, ಮನೆ ಇರಬೇಕೆಂಬ ಷರತ್ತಿಲ್ಲ. ಹತ್ತಿರ ಅಂಗನವಾಡಿಯೇ ಇಲ್ಲದ ಕೊಳೆಗೇರಿಯಲ್ಲಿ ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದರೆ, ಕೇಳಿದ ಮೂರು ತಿಂಗಳೊಳಗೆ ತೆರೆಯಬೇಕು ಎಂದು 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಮಕ್ಕಳನ್ನು ಎಣಿಸಿ, ಹೆಸರು ಬರೆದು, ಆ ಅರ್ಜಿಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಮೇಜಿನ ಮೇಲಿಡಲು ತಾಯಂದಿರ ಜೊತೆ ಅಕ್ಷರ ಬಲ್ಲ ಇಬ್ಬರು ನೆರೆಯವರಿದ್ದರೆ ಆಯಿತು.